ಗ್ರೆಗೋರಿಯಾ ಮಾರಿಸ್ಕಾ ತುಂಜುಂಗ್: ಕಾಯ್ದು ಪಡೆದ ಕಂಚು

ಇಂಡೊನೇಷ್ಯಾದ ಬ್ಯಾಡ್ಮಿಂಟನ್ ಆಟಗಾರ್ತಿ ಗ್ರೆಗೋರಿಯಾ ಮಾರಿಸ್ಕಾ ತುಂಜುಂಗ್ ಮಧ್ಯ ಜಾವಾದ ವೊನೊಗಿರಿಯಲ್ಲಿ 1999ರ ಆಗಸ್ಟ್ 11ರಂದು ಜನಿಸಿದರು.

2017ರಲ್ಲಿ ಯೋಗ್ಯಕರ್ತದಲ್ಲಿ ನಡೆದ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನ ಬಾಲಕಿಯರ ಸಿಂಗಲ್ಸ್ ಫೈನಲ್‌ನಲ್ಲಿ ಚೀನಾದ ಹಾನ್ ಯುವೆ ಅವರನ್ನು ಮಣಿಸಿ ಪ್ರಶಸ್ತಿ ಗೆದ್ದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸೂಸಿ ಸುಸಾಂತಿ ಅವರ ಉತ್ತರಾಧಿಕಾರಿಗಾಗಿ ಹಂಬಲಿಸುತ್ತಿದ್ದ ದೇಶದ ನಿರೀಕ್ಷೆಯ ಭಾರವೆಲ್ಲ ಅಲ್ಲಿಂದಾಚೆಗೆ ಈ ಯುವತಿಯ ಹೆಗಲೇರಿತು.

ಆದರೆ ಹಿರಿಯರ ವಿಭಾಗದಲ್ಲಿ ಯಶಸ್ಸು ಸುಲಭವಾಗಿ ಕೈಗೆಟುಕಲಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಪ್ರಿಕ್ವಾರ್ಟರ್ ಫೈನಲ್‌ನಲ್ಲಿ ಥಾಯ್ಲೆಂಡ್‌ನ ರಚನೋಕ್ ಇಂತನೋನ್ ಅವರಿಗೆ ಶರಣಾದರು. 2023 ನಿರ್ಣಾಯಕ ವರ್ಷವಾಯಿತು. ಏಪ್ರಿಲ್‌ನಲ್ಲಿ ಸ್ಪೇನ್ ಮಾಸ್ಟರ್ಸ್ ಫೈನಲ್‌ನಲ್ಲಿ ಭಾರತದ ಪಿ.ವಿ. ಸಿಂಧು ಅವರನ್ನು 21–8, 21–8ರಿಂದ ಸೋಲಿಸಿದರು. ನವೆಂಬರ್‌ನಲ್ಲಿ ಕುಮಾಮೊಟೊದಲ್ಲಿ ಒಲಿಂಪಿಕ್ ಚಾಂಪಿಯನ್ ಚೆನ್ ಯೂಫೆಯಿ ಅವರನ್ನೂ ಮಣಿಸಿ ಜಪಾನ್ ಮಾಸ್ಟರ್ಸ್ ಪ್ರಶಸ್ತಿ ಪಡೆದರು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ರಚನೋಕ್ ವಿರುದ್ಧ 25–23, 21–9ರಿಂದ ಗೆದ್ದು ಹಳೆಯ ಸೋಲಿಗೆ ಉತ್ತರ ನೀಡಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಆನ್ ಸೆ ಯಂಗ್ ಎದುರು ಮೊದಲ ಗೇಮ್ ಗೆದ್ದರೂ ಬಳಿಕ ಪರಾಭವಗೊಂಡರು. ಕಂಚಿನ ಪಂದ್ಯದ ಎದುರಾಳಿಯಾಗಬೇಕಿದ್ದ ಸ್ಪೇನ್‌ನ ಕರೋಲಿನಾ ಮರಿನ್ ತಮ್ಮ ಸೆಮಿಫೈನಲ್‌ನಲ್ಲಿ ಮೊಣಕಾಲಿನ ಗಾಯಕ್ಕೊಳಗಾಗಿ ಹಿಂದೆ ಸರಿದ ಕಾರಣ, ಅಂಕಣಕ್ಕಿಳಿಯದೆಯೇ ಪದಕ ದಕ್ಕಿತು. 2008ರಲ್ಲಿ ಮಾರಿಯಾ ಕ್ರಿಸ್ಟಿನ್ ಯೂಲಿಯಾಂತಿ ಗಳಿಸಿದ ಕಂಚಿನ ನಂತರ ಮಹಿಳೆಯರ ಸಿಂಗಲ್ಸ್‌ನಲ್ಲಿ ಇಂಡೊನೇಷ್ಯಾಕ್ಕೆ ಲಭಿಸಿದ ಮೊದಲ ಒಲಿಂಪಿಕ್ ಪದಕವದು.

2025ರಲ್ಲಿ ವರ್ಟಿಗೊ ಎಂಬ ತಲೆಸುತ್ತಿನ ಬಾಧೆ ಅವರ ಓಟಕ್ಕೆ ತಡೆಯೊಡ್ಡಿತು. ಆದರೂ ಹದಿನಾರು ವರ್ಷಗಳ ಬರವನ್ನು ನೀಗಿಸಿದ ಹಿರಿಮೆ ಅವರದೇ.