ಕಾಯುವುದನ್ನು ಕಲಿತ ನಾಯಿಗಳು

ವಯನಾಡು ಗದ್ದೆಗಳ ನಾಡು. ಮಲಯಾಳಿಗಳ ‘ವಯಲ್’ ನಮ್ಮ ‘ಬಯಲು’. ಗುಡ್ಡಗಳ ಸಂದಿಯಲ್ಲಿ ಉದ್ದಕ್ಕೂ ಚಾಚಿದ ತಗ್ಗುಗದ್ದೆಗಳಿಂದಲೇ ಆ ಹೆಸರು ಬಂತೆಂದು ಬಹಳ ಜನ ಹೇಳುತ್ತಾರೆ. ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಸ್ನೈಪ್ ಹಕ್ಕಿಗಳು ಇಂಥ ಕೆಸರಿಗೆ ಬಂದಿಳಿಯುತ್ತವೆ. ಒಣಹುಲ್ಲಿನ ಬಣ್ಣದ ಹಕ್ಕಿ ಕಾಲಬುಡದಲ್ಲಿದ್ದರೂ ಕಾಣುವುದಿಲ್ಲ, ಎದ್ದರೆ ಅಂಕುಡೊಂಕಾಗಿ ಹಾರಿ ಗುರಿ ತಪ್ಪಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾನಂತವಾಡಿ, ವೈತಿರಿಗಳ ಸುತ್ತ ಕಾಫಿ ತೋಟ ಎಬ್ಬಿಸಿದ ಬ್ರಿಟಿಷರ ಕೋವಿಗೆ ಗದ್ದೆಯಲ್ಲಿ ಸ್ನೈಪ್, ಹಳುವಿನಲ್ಲಿ ಕಾಡುಕೋಳಿ ಇದ್ದವು. ಇಂಥ ಬೇಟೆಗೆಂದೇ ಅವರು ಭಾರತಕ್ಕೆ ತಂದ ನಾಯಿಗಳು ಸ್ಪ್ಯಾನಿಯಲ್, ಪಾಯಿಂಟರ್, ಸೆಟರ್. ನಮ್ಮ ಬೇಟೆನಾಯಿಗಳಿಗೂ ಇವುಗಳಿಗೂ ಒಂದು ಮೂಲಭೂತ ವ್ಯತ್ಯಾಸವಿತ್ತು. ನಮ್ಮವು ನುಗ್ಗುವುದನ್ನು ಕಲಿತವು, ಇವು ಕಾಯುವುದನ್ನು ಕಲಿತವು.

ನುಗ್ಗುವ ನಾಯಿಗೆ ನಮ್ಮಲ್ಲಿ ದೊಡ್ಡ ಚರಿತ್ರೆಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಸುಮಾರು ಕ್ರಿ.ಶ. 950ರ ಶಾಸನ ಕಾಳಿ ಎಂಬ ನಾಯಿಯ ನೆನಪಿಗೆ ನಿಂತದ್ದು. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ದೊರೆ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಈ ನಾಯಿಯನ್ನು. ಅದು ದೊಡ್ಡ ಹಂದಿಯೊಡನೆ ಕಾದಾಡಿ, ಕೊಂದು, ತಾನೂ ಸತ್ತಿತು. ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ನಾಯಿಗಳ ಆಟಕ್ಕೂ ಬೇಟೆಗೂ ‘ಸಾರಮೇಯ ವಿನೋದ’ ಎಂಬ ಭಾಗವನ್ನೇ ಇಟ್ಟ. ವಯನಾಡಿನ ಕುರಿಚ್ಯರು, ಮುಳ್ಳುಕುರುಮರು ಬಿಲ್ಲು, ಬಲೆ, ಈಟಿಗಳ ಜೊತೆ ನಾಯಿ ಕಟ್ಟಿಕೊಂಡು ಕಾಡಿಗಿಳಿದವರು. ಪಕ್ಕದ ಕೊಡಗಿನಲ್ಲೂ ಅದೇ ರೂಢಿ. ಬಾಗಲಕೋಟೆಯ ಮುಧೋಳ ನಾಯಿ ಕಣ್ಣಿಗೆ ಬಿದ್ದ ಮೊಲದ ಹಿಂದೆ ಓಡುವ ನಾಯಿ; ಒಡೆಯನ ಅಪ್ಪಣೆಗೆ ಕಾಯುತ್ತ ನಿಂತರೆ ಮೊಲ ಊರು ದಾಟಿರುತ್ತದೆ.

ಹಕ್ಕಿಗೆಂದೇ ಪಳಗಿಸಿದ ನಾಯಿತಳಿ ನಮ್ಮಲ್ಲಿ ಬೆಳೆಯಲಿಲ್ಲ. ನನಗೆ ತೋರುವ ಕಾರಣ ಸರಳ: ಉರುಳು, ಬಲೆ, ಇತರ ಹಕ್ಕಿಗಳನ್ನು ಸೆಳೆಯುವ ದೀಪದ ಹಕ್ಕಿ, ಸಾಕಿದ ಡೇಗೆ ಇವೇ ಆ ಕೆಲಸವನ್ನು ಮುಗಿಸುತ್ತಿದ್ದವು.

ಯುರೋಪಿನಲ್ಲಿ ಮಾತ್ರ ಆ ಬಲೆಯೇ ನಾಯಿಯನ್ನು ಶಾಂತಗೊಳಿಸಿತು. ಕೋವಿ ಬರುವ ಮೊದಲು ಅಲ್ಲಿ ಹಕ್ಕಿಯ ವಾಸನೆ ಹಿಡಿದ ನಾಯಿ ನೆಲಕ್ಕೆ ಕವುಚಿಕೊಳ್ಳಬೇಕಿತ್ತು. ಬೇಟೆಗಾರರು ನಾಯಿಯ ಮೇಲಿಂದಲೇ ಬಲೆ ಎಳೆದು ಹಕ್ಕಿಗಳನ್ನು ಮುಚ್ಚುತ್ತಿದ್ದರು. ಒಂದು ಹೆಜ್ಜೆ ಮುಂದಿಟ್ಟರೂ ಬೇಟೆ ಹಾಳು. ಇಂಗ್ಲೆಂಡಿನ ವೈದ್ಯ ಜಾನ್ ಕೀಸ್ 1570ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ನಾಯಿಗಳ ಪುಸ್ತಕದಲ್ಲೇ ಈ ‘ಸೆಟರ್’ನ ವರ್ಣನೆ ಬರುತ್ತದೆ. ಮುಂದೆ ಹಾರುವ ಹಕ್ಕಿಗೆ ಈಡು ಹೊಡೆಯುವ ಕಾಲ ಬಂತು. ಹದಿನೆಂಟನೆಯ ಶತಮಾನದಲ್ಲಿ ಸ್ಪೇನಿನ ಕಡೆಯಿಂದ ಬಂದ ನಾಯಿಗಳಿಂದ ಇಂಗ್ಲಿಷ್ ಪಾಯಿಂಟರ್ ರೂಪುಗೊಂಡಿತು. ಮುಂಗಾಲೆತ್ತಿ, ಬಾಲ ನೆಟ್ಟಗೆ ಮಾಡಿ, ಮೂಗನ್ನು ಹಕ್ಕಿಯತ್ತ ಇಟ್ಟು ಕಲ್ಲಾಗಿ ನಿಲ್ಲುವುದು ಅದರ ಕೆಲಸ. ಬಿದ್ದ ಹಕ್ಕಿಯನ್ನು ಹಲ್ಲೂರದೆ ಎತ್ತಿ ತರಲು ರಿಟ್ರೀವರ್‌ಗಳು ಬಂದವು. ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿಗಳಿಂದ ಸ್ಕಾಟ್ಲೆಂಡ್, ಇಂಗ್ಲೆಂಡಿನ ಜಮೀನ್ದಾರರು ಲ್ಯಾಬ್ರಡಾರ್ ತೆಗೆದರು. 1903ರಲ್ಲಿ ಅದಕ್ಕೆ ಕೆನಲ್ ಕ್ಲಬ್ಬಿನ ಮನ್ನಣೆ ಸಿಕ್ಕಿತು. ಸ್ಕಾಟ್ಲೆಂಡಿನ ಗಿಸಾಖನ್ ಎಸ್ಟೇಟಿನಲ್ಲಿ ಲಾರ್ಡ್ ಟ್ವೀಡ್‌ಮೌತ್ 1868ರಲ್ಲಿ ನೂಸ್ ಎಂಬ ಹಳದಿ ಗಂಡುನಾಯಿಯನ್ನು ಬೆಲ್ ಎಂಬ ನೀರುಸ್ಪ್ಯಾನಿಯಲ್ ಜೊತೆ ಕೂಡಿಸಿ ಗೋಲ್ಡನ್ ರಿಟ್ರೀವರಿಗೆ ಬುನಾದಿ ಹಾಕಿದ. ಯಾವ ಮರಿ ಯಾರಿಗೆ ಹುಟ್ಟಿತೆಂದು ಅವನು ಇಟ್ಟ ಲೆಕ್ಕದ ಪುಸ್ತಕ ಇವತ್ತಿಗೂ ಮಾದರಿ.

ಕಲಿಸುವ ರೀತಿಯೂ ಬದಲಾಯಿತು. 1848ರಲ್ಲಿ ಹಚಿನ್ಸನ್ ಎಂಬ ಸೇನಾಧಿಕಾರಿ ಬರೆದ ‘ಡಾಗ್ ಬ್ರೇಕಿಂಗ್’ ಪುಸ್ತಕದ ಹೆಸರಿನಲ್ಲಿ ಮುರಿಯುವ ಮಾತಿದ್ದರೂ ಒಳಗಿನ ಪಾಠ ಬೇರೆ. ಚಾವಟಿ ಕಡಿಮೆ ಮಾಡಿ, ಕೈಸನ್ನೆ ಕಲಿಸಿ, ತಾಳ್ಮೆಯಿಂದ ಹೇಳಿಕೊಡಿ ಎನ್ನುತ್ತಾನೆ. ಹೆದರಿದ ನಾಯಿ ಕಲಿಯುವುದಿಲ್ಲ ಎಂಬುದನ್ನು ಬೇಟೆಗಾರರು ಪ್ರಯೋಗಶಾಲೆಗಳಿಗಿಂತ ಮೊದಲೇ ಕಂಡುಕೊಂಡಿದ್ದರು.

ಆಮೇಲೆ ದಾರಿ ಕವಲೊಡೆಯಿತು. 1859ರಲ್ಲಿ ನ್ಯೂಕಾಸಲ್‌ನಲ್ಲಿ ಮೊದಲ ಶ್ವಾನ ಪ್ರದರ್ಶನ ನಡೆಯಿತು. ಅದರಲ್ಲಿದ್ದದ್ದು ಪಾಯಿಂಟರ್, ಸೆಟರ್ ಮಾತ್ರ. 1865ರಲ್ಲಿ ಸೌತ್‌ಹಿಲ್‌ನಲ್ಲಿ ಬಯಲಿನ ಕೆಲಸದ ಮೊದಲ ಸ್ಪರ್ಧೆ. ಒಂದು ಕಡೆ ರೂಪಕ್ಕೆ ಪದಕ, ಇನ್ನೊಂದು ಕಡೆ ವೇಗಕ್ಕೆ ಪದಕ. ಎರಡೂ ಕಡೆ ಮನೆಯ ನಾಯಿಗೆ ನಷ್ಟವಾಯಿತೆಂದೇ ನನ್ನ ಅಭಿಪ್ರಾಯ. ಪ್ರದರ್ಶನದ ಸಾಲಿನಲ್ಲಿ ಕೂದಲು, ಮೈತೂಕ ಹೆಚ್ಚಿದವು. ಸ್ಪರ್ಧೆಯ ಸಾಲಿನಲ್ಲಿ ದಿನವಿಡೀ ಓಡಿದರೂ ತಣಿಯದ ಚಡಪಡಿಕೆ ಬಂತು. ಸಂಜೆ ಜಗಲಿಯ ಮೇಲೆ ಸುಮ್ಮನೆ ಮಲಗುವ ಗುಣಕ್ಕೆ ಯಾರೂ ಬಹುಮಾನ ಕೊಡಲಿಲ್ಲ.

ಆ ಗುಣ ಹುಟ್ಟಿನಿಂದ ಬರುತ್ತದೋ ಸಾಕಿದ್ದರಿಂದ ಬರುತ್ತದೋ? ಇದಕ್ಕೆ ತೂಕದ ಉತ್ತರ ಬಂದದ್ದು ಅಮೆರಿಕದ ಅರ್ಕಾನ್ಸಾಸ್‌ನಿಂದ, ಅದೂ ಹಕ್ಕಿನಾಯಿಗಳಿಂದಲೇ. 1960ರ ದಶಕದಲ್ಲಿ ಸಂಶೋಧಕ ಆಡಿಸ್ಟ್ ಮರ್ಫ್ರಿ ಮತ್ತು ಸಂಗಡಿಗರು ಪಾಯಿಂಟರ್‌ಗಳನ್ನು ಎರಡು ವಂಶಸಾಲುಗಳಾಗಿ ಸಾಕಿದರು. ಒಂದರಲ್ಲಿ ನೆಮ್ಮದಿಯ ನಾಯಿಗಳು, ಇನ್ನೊಂದರಲ್ಲಿ ಪುಕ್ಕಲು ನಾಯಿಗಳು. ಪುಕ್ಕಲು ಸಾಲಿನ ಮರಿಗಳು ಮನುಷ್ಯ ಹತ್ತಿರ ಬಂದರೆ ಸಾಕು, ಮರಗಟ್ಟಿ ನಿಲ್ಲುತ್ತಿದ್ದವು. ಇತರ ನಾಯಿಗಳೊಡನೆ ಅವಕ್ಕೆ ಅಷ್ಟು ತೊಂದರೆ ಇರಲಿಲ್ಲ, ಭಯವೆಲ್ಲ ಮನುಷ್ಯನದು. ಅವುಗಳಲ್ಲಿ ಕೆಲವನ್ನು ಹಕ್ಕಿ ಬೇಟೆಗೆ ಪಳಗಿಸಿದಾಗ ಬಯಲಿನಲ್ಲಿ ಚೇತರಿಸಿಕೊಂಡವು. ಒಳಗೆ ತಂದರೆ ಮತ್ತೆ ಅದೇ ಮರಗಟ್ಟುವಿಕೆ. ಪ್ರೀತಿಯಿಂದ ಸಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಪಾಯಿಂಟರ್‌ಗಳನ್ನು ನೆನೆಯಬೇಕು. ಸಾಕುವುದೇ ಎಲ್ಲವೂ ಅಲ್ಲ, ಆದರೆ ಅದು ಸಣ್ಣದೂ ಅಲ್ಲ. ಸ್ಕಾಟ್ ಮತ್ತು ಫುಲ್ಲರ್ ಎಂಬ ಸಂಶೋಧಕರು ಐದು ತಳಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥ, ಮರಿಗೆ ಮೂರರಿಂದ ಹನ್ನೆರಡು ವಾರದೊಳಗೆ ಮನುಷ್ಯರ ಒಡನಾಟ ಸಿಗದಿದ್ದರೆ ಆ ಕೊರತೆಯನ್ನು ಮುಂದೆ ತುಂಬುವುದು ಕಷ್ಟ ಎಂದು ತೋರಿಸಿತು.

ಇನ್ನೊಂದು ತಿಳಿವಳಿಕೆ ತೀರಾ ಇತ್ತೀಚಿನದು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಅಧ್ಯಯನದ ಪ್ರಕಾರ, ಒಂದು ನಾಯಿಯ ನಡವಳಿಕೆ ಇನ್ನೊಂದಕ್ಕಿಂತ ಬೇರೆಯಾಗುವುದರಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ. ಅಂದರೆ ‘ಲ್ಯಾಬ್ ಅಲ್ವಾ, ಶಾಂತವಾಗೇ ಇರುತ್ತೆ’ ಎಂಬ ಮಾತಿಗೆ ಆಧಾರ ಕಡಿಮೆ. ಹೇಳಿದ್ದು ಕೇಳುವ ಗುಣ ಮಾತ್ರ ತಳಿಯನ್ನು ಸ್ವಲ್ಪ ಹೆಚ್ಚು ಅನುಸರಿಸುತ್ತದೆ. ಅರ್ಕಾನ್ಸಾಸ್ ಫಲಿತಾಂಶಕ್ಕೆ ಇದು ವಿರುದ್ಧವಲ್ಲ. ಸ್ವಭಾವ ಇಳಿದು ಬರುವುದು ಅಪ್ಪ ಅಮ್ಮನಿಂದ, ತಳಿಯ ಹೆಸರಿನಿಂದಲ್ಲ.

ವಯನಾಡಿಗೆ ಮರಳೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, ಮುಂದಿನ ವರ್ಷವೇ ವಯನಾಡು ವನ್ಯಧಾಮ ಘೋಷಣೆಯಾಯಿತು, 1991ರ ತಿದ್ದುಪಡಿ ಪರವಾನಗಿ ಶಿಕಾರಿಯನ್ನೂ ಮುಗಿಸಿತು. ಆದದ್ದು ಒಳ್ಳೆಯದೇ. ಸ್ನೈಪ್ ಈಗಲೂ ಬರುತ್ತದೆ, ಕೋವಿಯ ಸದ್ದಿಲ್ಲ. ಆದರೆ ಕಾಯುವ ನಾಯಿಯ ಮೂಗು ವ್ಯರ್ಥವಾಗಲಿಲ್ಲ. ಹಕ್ಕಿ ಹೆಕ್ಕಿ ತರಲು ಹುಟ್ಟಿದ ಲ್ಯಾಬ್ರಡಾರ್ ಇಂದು ನಮ್ಮ ಪೊಲೀಸ್, ಸೇನೆಗಳಲ್ಲಿ ಸ್ಫೋಟಕ ಹುಡುಕುತ್ತದೆ. ಸಿಕ್ಕಾಗ ಕೆದಕದೆ, ಬೊಗಳದೆ ಕೂತು ತೋರಿಸಬೇಕು. ಹಳೆಯ ಸೆಟರ್ ಬಲೆಯ ಕೆಳಗೆ ಮಾಡುತ್ತಿದ್ದದ್ದೂ ಇದನ್ನೇ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದು ಊರುಗಳೇ ಮಣ್ಣಾದಾಗ ಕೇರಳ ಪೊಲೀಸರ ಮಾಯಾ, ಮರ್ಫಿ ಎಂಬ ನಾಯಿಗಳು ಕೆಸರಿನಡಿಯ ದೇಹಗಳನ್ನು ಹುಡುಕಿದವು. ಅವು ಬೆಲ್ಜಿಯನ್ ಮಲಿನ್ವಾ, ಕುರಿಕಾಯುವ ವಂಶದವು, ಹಕ್ಕಿನಾಯಿಗಳಲ್ಲ. ಆದರೂ ಅಲ್ಲಿ ಬೇಕಾದದ್ದು ಇದೇ ಗುಣ. ಯಂತ್ರಗಳ ಗದ್ದಲ, ಜನರ ಅಳು, ಜಾರುವ ಮಣ್ಣು, ಇವುಗಳ ನಡುವೆ ಬೆದರದೆ ಮೂಗನ್ನು ನಂಬಿ ನಿಲ್ಲಬೇಕಿತ್ತು.

ವಯನಾಡಿನಲ್ಲಿ ನಾಯಿ ಸಾಕುವವರು ಇನ್ನೂ ಕೆಲವನ್ನು ಗಮನಿಸಬೇಕು. ಮಳೆಗಾಲದ ಜಿಗಣೆ, ಉಣ್ಣೆಗಳಿಗೆ ಸೆಟರ್, ಗೋಲ್ಡನ್‌ಗಳ ಉದ್ದ ಕೂದಲು ಆಶ್ರಯವಾಗುತ್ತದೆ. ಉಣ್ಣೆಯಿಂದ ಬರುವ ಜ್ವರ ನಾಯಿಯ ಪ್ರಾಣಕ್ಕೇ ಎರವು. ಕಾಡಂಚಿನಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಪೂಕೋಡಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವುದು ಈ ಜಿಲ್ಲೆಯ ಭಾಗ್ಯ. ಮರಿ ಹಾಕಿಸುವ ಮೊದಲು ತಾಯಿ, ತಂದೆ ನಾಯಿಗಳ ಸೊಂಟದ ಕೀಲಿನ ಎಕ್ಸ್‌ರೇಯನ್ನು ಪಶುವೈದ್ಯರಿಗೆ ತೋರಿಸಿ. 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಹದಿನೆಂಟು ತಿಂಗಳಾಗದ ಹೆಣ್ಣುನಾಯಿಗೆ ಮರಿ ಹಾಕಿಸುವಂತಿಲ್ಲ. ಮಾರುವವರು ಇದನ್ನು ಮೀರಿದರೆ ಕೊಳ್ಳುವವರು ಎದ್ದು ಬರಬೇಕು.

ಮರಿ ಕೊಳ್ಳಲು ಹೋದಾಗ ನನ್ನದೊಂದು ವಿನಂತಿ. ಮರಿಗಳ ಬುಟ್ಟಿ ನೋಡುವ ಮೊದಲು ತಾಯಿನಾಯಿಯ ಪಕ್ಕದಲ್ಲಿ ಹತ್ತು ನಿಮಿಷ ಕೂರಿ. ಒಂದು ತಟ್ಟೆ ಕೈಜಾರಿ ಬೀಳಲಿ. ಬೆಚ್ಚಿದರೂ ಮರುಕ್ಷಣ ಹತ್ತಿರ ಬಂದು ಮೂಸುವ ತಾಯಿಯ ಮರಿಯನ್ನು ಮನೆಗೆ ತನ್ನಿ. ತಾಯಿಯನ್ನು ತೋರಿಸಲು ಒಪ್ಪದ ಕಡೆ ಎಷ್ಟೇ ಚಂದದ ಮರಿ ಇದ್ದರೂ ಕೊಳ್ಳಬೇಡಿ.