ಕಾರ್ಡೋಮಾ: ಬೆನ್ನುಮೂಳೆಯ ಅಪರೂಪದ ಗಡ್ಡೆ

ಗರ್ಭದಲ್ಲಿ ಬೆನ್ನುಮೂಳೆ ರೂಪುಗೊಳ್ಳುವ ಮೊದಲು ಅದರ ಜಾಗದಲ್ಲಿ ಮೆತ್ತನೆಯ ದಂಡವೊಂದಿರುತ್ತದೆ. ಹುಟ್ಟಿದ ಮೇಲೂ ಉಳಿದ ಅದರ ಚೂರುಗಳಿಂದ ಈ ಗಡ್ಡೆ ಬೆಳೆಯುತ್ತದೆ. ವರ್ಷಕ್ಕೆ ಹತ್ತು ಲಕ್ಷದಲ್ಲಿ ಸುಮಾರು ಒಬ್ಬರಿಗೆ, ಹೆಚ್ಚಾಗಿ ಟೊಂಕದ ಕೆಳಗಿನ ತ್ರಿಕಾಸ್ಥಿಯಲ್ಲಿ ಇಲ್ಲವೇ ತಲೆಬುರುಡೆಯ ತಳದಲ್ಲಿ.

ನಿಧಾನವಾಗಿ ಬೆಳೆಯುವುದೇ ಇದರ ಕಪಟ. ಟೊಂಕನೋವು, ಕಾಲಿನ ಜೋಮು, ಮಲಮೂತ್ರದ ತೊಂದರೆ ಎಲ್ಲಕ್ಕೂ ಬೇರೆ ಕಾರಣ ಸುಲಭವಾಗಿ ಸಿಗುತ್ತದೆ. ನಮ್ಮ ಕಡೆ ಮೂಳೆ ಸವೆದಿದ್ದರೆ ಮೊದಲ ಸಂಶಯ ಕ್ಷಯದ ಮೇಲೆ. ಅದು ತಪ್ಪೇನಲ್ಲ, ಬೆನ್ನುಮೂಳೆಯ ಕ್ಷಯ ಇಲ್ಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಎಂಆರ್‌ಐ ಗಡ್ಡೆಯ ಹರವು ತೋರಿಸುತ್ತದೆ. ಅದು ಯಾವ ಗಡ್ಡೆ ಎಂದು ಖಚಿತಪಡಿಸುವುದು ಸೂಜಿಯಿಂದ ತೆಗೆದ ತುಣುಕಿನ ಪರೀಕ್ಷೆ. ಸೂಜಿ ಹೋದ ದಾರಿಯಲ್ಲೂ ಗಡ್ಡೆಯ ಕಣ ಉಳಿಯಬಹುದಾದ್ದರಿಂದ, ಮುಂದೆ ಶಸ್ತ್ರಚಿಕಿತ್ಸೆ ಮಾಡುವವರನ್ನು ಕೇಳಿಯೇ ಆ ದಾರಿ ಗುರುತಿಸಬೇಕು.

ಗುಳ್ಳೆಗುಳ್ಳೆಯಾಗಿ ಕಾಣುವ ಇದರ ಜೀವಕೋಶಗಳನ್ನು ಜರ್ಮನಿಯ ರುಡಾಲ್ಫ್ ವಿರ್ಕೋ ವರ್ಣಿಸಿದ್ದು 1857ರಲ್ಲಿ. ಬ್ರಾಕ್ಯುರಿ ಪ್ರೋಟೀನ್ ಈ ಗಡ್ಡೆಯ ಗುರುತೆಂದು ತಿಳಿದದ್ದು 2006ರಲ್ಲಿ. ನೋಡಲು ಹೋಲುವ ಕಾಂಡ್ರೋಸಾರ್ಕೋಮಾದಿಂದ ಇದನ್ನು ಬೇರ್ಪಡಿಸಲು ಅದಕ್ಕಿಂತ ನೆಚ್ಚಿನ ಸಾಕ್ಷಿ ಇಲ್ಲ.

ಮಲಗಿದರೂ ತಗ್ಗದ ಬೆನ್ನುನೋವಿನ ಜೊತೆ ಕಾಲಿನ ಬಲ ಕುಂದಿದರೆ ಬರೀ ನೋವಿನ ಗುಳಿಗೆಯಲ್ಲಿ ದಿನ ನೂಕದೆ ವೈದ್ಯರಿಗೆ ತೋರಿಸಿ.