ತೂಗುಹಾಸಿಗೆಗೊಂದು ಸೂರು: ಚಾರಣಿಗರಿಗೆ ಟಾರ್ಪಾಲಿನ ಆಯ್ಕೆ

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳ ಯುವಜನರಿಗೆ ಸಹ್ಯಾದ್ರಿಯ ಚಾರಣ ಹೊಸದೇನಲ್ಲ. ಡೇರೆಯ ಬದಲು ಎರಡು ಮರಗಳ ನಡುವೆ ಹ್ಯಾಮಕ್, ಅಂದರೆ ತೂಗುಹಾಸಿಗೆ ಕಟ್ಟಿ ಮಲಗುವವರೂ ಅವರಲ್ಲಿದ್ದಾರೆ. ಕೆರಿಬಿಯನ್ ದ್ವೀಪಗಳ ತೈನೊ ಜನರಿಂದ ಸ್ಪ್ಯಾನಿಷ್ ಭಾಷೆಯ ಮೂಲಕ ಹೆಸರು ಪಡೆದ ಈ ಶಯ್ಯೆಯು ಮಲಗುವವರನ್ನು ಕೆಸರು, ಕಲ್ಲು, ಇಂಬಳಗಳಿಂದ ಮೇಲಕ್ಕೆತ್ತುತ್ತದೆ. ಆದರೆ ಅದಕ್ಕೆ ಸೂರಿಲ್ಲ. ಮಹಾಬಳೇಶ್ವರ, ಆಗುಂಬೆಗಳಲ್ಲಿ ವರ್ಷಕ್ಕೆ ಸರಾಸರಿ 5000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ ಎಂಬುದನ್ನು ನೆನೆದರೆ ಸೂರಿನ ಮಹತ್ವ ತಿಳಿದೀತು.

ಕೆಲವು ವರ್ಷಗಳ ಹಿಂದೆ ಮಗನೊಡನೆ ಚಾರಣಕ್ಕೆ ಹೋದಾಗ ನಾವು ಬೆಲೆಯೊಂದನ್ನೇ ನೋಡಿ ಕೊಂಡಿದ್ದ ಟಾರ್ಪಾಲು ಎರಡೂ ತುದಿಗಳಲ್ಲಿ ಗೇಣುದ್ದ ಗಿಡ್ಡವಾಗಿತ್ತು. ನಡುರಾತ್ರಿಯ ಮಳೆಗೆ ಹೊದಿಕೆ ತೊಯ್ದು, ಹುಡುಗ ಬೆಳಗಿನವರೆಗೂ ನಡುಗಿದ. ಸಾಲಪತ್ರದ ಸಣ್ಣಕ್ಷರಗಳನ್ನು ಓದಿರೆಂದು ಗ್ರಾಹಕರಿಗೆ ಹೇಳುತ್ತ ಬಂದ ನಾವು ಟಾರ್ಪಾಲಿನ ಚೀಟಿಯನ್ನೇ ಓದಿರಲಿಲ್ಲ!

ಉದ್ದ: 11 ಅಡಿಯ ಹ್ಯಾಮಕ್ಕನ್ನು ಸುಮಾರು 30 ಡಿಗ್ರಿ ಕೋನದಲ್ಲಿ ಕಟ್ಟಿದಾಗ ಅದರ ತುದಿಗಳ ನಡುವಣ ಅಂತರ ಸುಮಾರು 9 ಅಡಿ. ಟಾರ್ಪಾಲಿನ ನಡುಏಣು ಪ್ರತಿ ತುದಿಯಲ್ಲೂ ಕನಿಷ್ಠ ಅರ್ಧ ಅಡಿ, ಗಾಳಿಮಳೆಯ ಪ್ರದೇಶದಲ್ಲಿ ಒಂದಡಿ ಮುಂದಕ್ಕೆ ಚಾಚಿರಬೇಕು. ಆದ್ದರಿಂದ 10 ಅಡಿ ಕನಿಷ್ಠ. 11 ಅಡಿ ಕ್ಷೇಮಕರ.

ಆಕಾರ: 10 ಅಡಿಯ ಚೌಕವನ್ನು ಮೂಲೆಯಿಂದ ಮೂಲೆಗೆ ಕಟ್ಟಿದರೆ 14 ಅಡಿಯ ಏಣು ದೊರೆತರೂ ಪಕ್ಕಗಳು ತುದಿಯತ್ತ ಕಿರಿದಾಗುತ್ತವೆ, ಹಗುರ ಮಳೆಗೆ ಇದು ಸಾಕು. ಷಟ್ಕೋನಾಕೃತಿ ತೂಕ ಮತ್ತು ರಕ್ಷಣೆಗಳ ನಡುವಣ ಮಧ್ಯಮಾರ್ಗ. ತುದಿಗಳನ್ನು ಬಾಗಿಲಿನಂತೆ ಮುಚ್ಚಬಹುದಾದ ಆಯತಾಕಾರವು ತೂಕ ಹೆಚ್ಚಾದರೂ ಮುಂಗಾರಿನ ಅಡ್ಡಮಳೆಗೆ ಅತ್ಯುತ್ತಮ.

ಬಟ್ಟೆ: ಅಂಗಡಿಗಳ ನೀಲಿ ಪಾಲಿಥಿಲೀನ್ ಹಾಳೆ ಅಗ್ಗ, ಆದರೆ ಭಾರ. ಸಿಲಿಕೋನ್ ಲೇಪಿತ ನೈಲಾನ್ ಹಗುರ ಹಾಗೂ ಗಟ್ಟಿ; ನೆನೆದಾಗ ಮಾತ್ರ ಹಿಗ್ಗಿ ಜೋಲುವುದರಿಂದ ರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ಅದೇ ಲೇಪನದ ಪಾಲಿಯೆಸ್ಟರ್ ಅಷ್ಟು ಹಿಗ್ಗದು. ಸಾಮಾನ್ಯ ಕುಟುಂಬಕ್ಕೆ ನಮ್ಮ ಶಿಫಾರಸು ಇದೇ. ಡೈನೀಮಾ ಬಟ್ಟೆ ಅತಿ ಹಗುರ, ಬೆಲೆ ಮಾತ್ರ ದುಬಾರಿ. ಬಟ್ಟೆ ಎಷ್ಟು ಎತ್ತರದ ನೀರಿನ ಕಂಬವನ್ನು ತಡೆಯಬಲ್ಲದೆಂಬುದನ್ನು ಚೀಟಿಯಲ್ಲಿ ಮಿಲಿಮೀಟರುಗಳಲ್ಲಿ ಬರೆದಿರುತ್ತಾರೆ. 1500 ಸಾಧಾರಣ ಮಳೆಗೆ ಸಾಕು. ಸಹ್ಯಾದ್ರಿಗೆ 2000 ಅಥವಾ ಹೆಚ್ಚು ಇರಲಿ. ಹೊಲಿಗೆಗಳಿಗೆ ಅಂಟುಲೇಪ ಬಿದ್ದಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಕಟ್ಟುವ ಕ್ರಮ: ಟಾರ್ಪಾಲನ್ನು ಹ್ಯಾಮಕ್ಕಿನ ಹಗ್ಗಕ್ಕೆ ಬಿಗಿಯದೆ ಬೇರೆ ಹಗ್ಗದಿಂದ ಮರಕ್ಕೆ ಕಟ್ಟಬೇಕು. ಗಾಳಿ ಬರುವ ಪಕ್ಕವನ್ನು ನೆಲದ ಸಮೀಪಕ್ಕೆ ಇಳಿಸಬೇಕು. ಎಷ್ಟು ಒಳ್ಳೆಯ ಟಾರ್ಪಾಲಿದ್ದರೂ ಮರದಿಂದ ಇಳಿಯುವ ನೀರು ಹ್ಯಾಮಕ್ಕಿನ ಪಟ್ಟಿಯ ಮೇಲೆ ಹರಿದು ಹಾಸಿಗೆಯನ್ನು ಸೇರಬಲ್ಲದು. ಟಾರ್ಪಾಲಿನ ಅಡಿಯಲ್ಲಿ ಆ ಪಟ್ಟಿಗೆ ಒಂದು ತುಂಡು ದಾರ ಕಟ್ಟಿ ಇಳಿಬಿಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕಿಹೋಗುತ್ತದೆ. ಮರದ ತೊಗಟೆ ಗಾಯಗೊಳ್ಳದಂತೆ ಅಗಲವಾದ ಪಟ್ಟಿಯನ್ನೇ ಬಳಸುವುದು ನಮ್ಮ ಧರ್ಮ.

ಇಷ್ಟಾದರೂ ಸಿಡಿಲಿಗೆ, ಒಣಗಿದ ಕೊಂಬೆಗೆ, ಉಕ್ಕುವ ಹಳ್ಳಕ್ಕೆ ಟಾರ್ಪಾಲು ರಕ್ಷಣೆಯಲ್ಲ. ಗುಡುಗು ಕೇಳಿಸಿದರೆ ಮರಗಳ ಆಸರೆ ಬಿಟ್ಟು ಗಟ್ಟಿ ಕಟ್ಟಡವನ್ನು ಸೇರುವುದೇ ವಿವೇಕ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನಲ್ಲಿ ತಂಗಲೂ ಬಾರದು.

ಕೊನೆಯದಾಗಿ ಒಂದು ವಿನಂತಿ. ಹೊರಡುವ ಮುನ್ನ ವಸತಿ ಸಂಕೀರ್ಣದ ತೋಟದಲ್ಲೊಮ್ಮೆ ಎಲ್ಲವನ್ನೂ ಕಟ್ಟಿ, ಕೊಳವೆಯ ನೀರು ಹಾಯಿಸಿ ನೋಡಿರಿ. ಮಲೆನಾಡಿನ ಹಿರಿಯರು ಕಂಬಳಿಕೊಪ್ಪೆಯನ್ನು ಮಳೆಗೆ ಮೊದಲೇ ಸಿದ್ಧಪಡಿಸಿಡುತ್ತಿದ್ದರಲ್ಲವೇ? ಬಟ್ಟೆ ಬದಲಾಗಿದೆ, ಬುದ್ಧಿವಾದ ಬದಲಾಗಿಲ್ಲ.